ಕೈ ಹಿಂದೆ ಕಟ್ಟು

ಮಾರ್ಚ್ 5, 2025, ಬುಧವಾರ

ಈ ನೋಟ್‌ಬುಕ್ ತಂದದ್ದು ಬೇರೆ ಕೆಲಸಕ್ಕೆ. ಮಗಳು ಸಾಯಿರಾ ದಿನಾ ಹೊಸದಾಗಿ ಯಾವ ಶಬ್ದ ಆಡಿದಳು ಎಂದು ಬರೆದಿಡಿ ಅಂತ, ಮಾತಿನ ತರಬೇತಿ ಕೊಡುವ ಮುಗ್ಧಾ ಮೇಡಂ ಹೇಳಿದ್ದರು. ಐದು ತಿಂಗಳಲ್ಲಿ ಎರಡು ಪುಟ ತುಂಬಿಲ್ಲ. 'ಪಾ' ಅಂದಳು. 'ಮ್' ಅಂದಳು. ಮತ್ತೆ 'ಪಾ' ಅಂದಳು. ಉಳಿದ ಹಾಳೆಗಳಲ್ಲಿ ನನ್ನ ಸಿಟ್ಟನ್ನಾದರೂ ಬರೆಯೋಣ ಎಂದು ಕೂತಿದ್ದೇನೆ. ರಂಜಾನ್ ಉಪವಾಸದಲ್ಲಿ ಬಾಯಿ ಬಿಟ್ಟು ಯಾರನ್ನೂ ಬೈಯಬಾರದು. ಪೆನ್ನಿನಲ್ಲಿ ಬೈಯಬಾರದೆಂದು ಯಾರೂ ಹೇಳಿಲ್ಲ.

ಮನೆಯಲ್ಲಿ ನಾವಾಡುವುದು ದಖನಿ ಉರ್ದು. ನನಗೆ ಬರೆಯಲು ಬರುವುದು ಖಾನಾಪುರದ ಸರಕಾರಿ ಶಾಲೆಯಲ್ಲಿ ಬಡಿದು ಕಲಿಸಿದ ಕನ್ನಡ ಒಂದೇ. ಹಾಗಾಗಿ ಇಲ್ಲಿ ನನ್ನ ಹೆಂಡತಿ ಅರ್ಶಿಯಾ ಕೂಡ ಕನ್ನಡದಲ್ಲೇ ಜಗಳ ಆಡುತ್ತಾಳೆ.

ಸಾಯಿರಾಳಿಗೆ ಬರುವ ತಿಂಗಳು ಆರು ತುಂಬುತ್ತದೆ. ಹುಟ್ಟಿನಿಂದ ಕಿವಿ ಕೇಳಿಸದು. ಆಪರೇಷನ್ ಮಾಡಿಸಿ ಒಳಗೆ ಯಂತ್ರ ಕೂರಿಸೋಣ ಎಂದು ಹುಬ್ಬಳ್ಳಿವರೆಗೂ ಹೋಗಿ ಬಂದೆವು. ಒಳಗಿನ ನರವೇ ಬೆಳೆದಿಲ್ಲ, ಮಾಡಿ ಪ್ರಯೋಜನವಿಲ್ಲ ಎಂದರು. ಕಿವಿಯ ಹಿಂದೆ ಹಾಕುವ ಮಿಷಿನ್ ಇದೆ. ಬಾಜು ಮನೆಯ ಮದುವೆಗೆ ಬ್ಯಾಂಡು ಬಡಿದರೆ ತಿರುಗಿ ನೋಡುತ್ತಾಳೆ. ನಾನು ಕರೆದರೆ ನೋಡುವುದಿಲ್ಲ.

ಜೂನ್ ಹೊತ್ತಿಗೆ ಒಂದನೇ ತರಗತಿಗೆ ಹಾಕಬೇಕು. ಎಲ್ಲರ ಮಕ್ಕಳು ಹೋಗುವ ಶಾಲೆಗೇ ಹಾಕಬೇಕು. ಅದಕ್ಕೆ ಮಾತು ಬರಬೇಕು. ಬೊಟ್ಟು ಮಾಡಿದ ತಕ್ಷಣ ನೀರು ಕೊಟ್ಟರೆ ಬಾಯಿ ಯಾಕೆ ತೆರೆದಾಳು? ಆದ್ದರಿಂದ ಮೇಡಂ ಹೇಳಿದಂತೆ ಮನೆಯಲ್ಲಿ ಒಂದು ನಿಯಮ ಮಾಡಿದ್ದೇನೆ: ಕೈ ಹಿಂದೆ ಕಟ್ಟು, ಬಾಯಲ್ಲಿ ಕೇಳು. ಬೆಳಗಾವಿಯ ಆಟೋ ನಗರದಲ್ಲಿ, ತಗಡು ಒತ್ತಿ ಬಿಡಿಭಾಗ ಮಾಡುವ ಪ್ರೆಸ್ ಶಾಪಿನಲ್ಲಿ ಹದಿನಾಲ್ಕು ಜನರಿಗೆ ನಾನು ಸೂಪರ್‌ವೈಸರ್. ನಿಯಮವಿಲ್ಲದೆ ಒಂದು ವಾಷರ್ ಕೂಡ ಸರಿಯಾಗಿ ಹೊರಬೀಳುವುದಿಲ್ಲ ಎಂಬುದು ನನಗೆ ಗೊತ್ತು.

ಅವಳ ಬಾಯಲ್ಲಿ ಒಂದು ಸಲ 'ಅಬ್ಬಾ', ಅಂದರೆ ಅಪ್ಪ, ಅನ್ನಿಸಿಕೊಳ್ಳಬೇಕು. ಹೆಚ್ಚೇನೂ ಕೇಳುತ್ತಿಲ್ಲ ನಾನು.

ಮಾರ್ಚ್ 11, ಮಂಗಳವಾರ

ಮನೆ ಹತ್ತಿರದ ಇಂಗ್ಲಿಷ್ ಮೀಡಿಯಂ ಶಾಲೆಗೆ ಮೂವರೂ ಹೋಗಿದ್ದೆವು. ಪ್ರಿನ್ಸಿಪಾಲರು ಬಹಳ ಮರ್ಯಾದೆಯ ಹೆಂಗಸು. "ಬರ್ರಿ, ಕುಂದರ್ರಿ. ನಮ್ಮಲ್ಲಿ ಎಲ್ಲಾ ಥರದ ಮಕ್ಕಳಿಗೂ ಜಾಗಾ ಐತ್ರಿ" ಎಂದರು. ನನಗೆ ಅಲ್ಲೇ ಅರ್ಧ ಭಾರ ಇಳಿದಂತಾಯಿತು.

ಆಮೇಲೆ ಒಬ್ಬ ಟೀಚರ್ ಬಂದು ಸಾಯಿರಾಳನ್ನು ಪರೀಕ್ಷೆಗೆ ಕರೆದುಕೊಂಡರು. ಆಕೆ ಬೋರ್ಡಿನ ಮೇಲೆ ಏನೋ ಬರೆಯುತ್ತ, ಈಕಡೆ ತಿರುಗದೆಯೇ, ಇಂಗ್ಲಿಷಿನಲ್ಲಿ ಹೆಸರು ಕೇಳಿದರು. ಸಾಯಿರಾ ಆಕೆಯ ಜಡೆ ನೋಡುತ್ತ ನಿಂತಿದ್ದಳು. "ಹೆಸರೂ ಹೇಳೂದಿಲ್ಲೇನ್ರಿ ಇಕಿ?" ಎಂದು ಟೀಚರ್ ನಮ್ಮನ್ನು ಕೇಳಿದರು. ಅರ್ಜಿಯಲ್ಲಿ ದಪ್ಪ ಅಕ್ಷರದಲ್ಲಿ ಕಿವಿ ಕೇಳಿಸದು ಎಂದು ಬರೆದಿದ್ದೇನೆ. ಓದು ಕಲಿಸುವವರು ಅದನ್ನು ಓದಿರಲಿಲ್ಲ.

ಹೊರಡುವಾಗ ಒಂದು ಕಾಗದ ಮುಂದಿಟ್ಟರು. ಮಗುವಿಗೆ ಪಾಠ ತಿಳಿಯದಿದ್ದರೆ, ಪೆಟ್ಟಾದರೆ, ಬೇರೆ ಪಾಲಕರು ತಕರಾರು ಮಾಡಿದರೆ ಶಾಲೆ ಹೊಣೆಯಲ್ಲ. ಬೇರೆ ಪಾಲಕರು ಯಾಕೆ ತಕರಾರು ಮಾಡಬೇಕು? ಕಿವುಡು ಅಂಟುರೋಗವೇ? ಹೀಗೆ ಕೇಳಬೇಕಿತ್ತು. ಕೇಳದೆ ಸಹಿ ಹಾಕಿ ಬಂದೆ. ಫೋನ್ ಮಾಡುತ್ತಾರಂತೆ.

ಮಾರ್ಚ್ 22, ಶನಿವಾರ

ಫೋನ್ ಬರಲಿಲ್ಲ. ನಾನೇ ಮಾಡಿದೆ. ಮೇಡಂ ಮೀಟಿಂಗಿನಲ್ಲಿದ್ದಾರಂತೆ. ಹೋದ ವಾರವೂ ಮೀಟಿಂಗಿನಲ್ಲೇ ಇದ್ದರು.

ಮಾರ್ಚ್ 31, ಸೋಮವಾರ

ಈದ್. ಖಾನಾಪುರಕ್ಕೆ ನನ್ನ ತಂದೆಯ ಮನೆಗೆ ಹೋಗಿ ಬಂದೆವು. ನನ್ನ ತಂದೆ ಮದಾರಸಾಬ ಹೆಂಚಿನ ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದವರು, ಜೋರಾಗಿ ಹೇಳಿದರೆ ಯಾವ ಕೆಲಸವೂ ಆಗುತ್ತದೆ ಎಂದು ನಂಬಿದವರು. ಮೊಮ್ಮಗಳ ಕಿವಿಗೆ ಬಾಯಿ ಹಚ್ಚಿ ಕೂಗಿದರು. ಹಬ್ಬಕ್ಕೆ ಬಂದವರಲ್ಲಿ ಮರಾಠಿಯವರಿದ್ದರು, ಕನ್ನಡದವರಿದ್ದರು. ಅವರೂ ತಮ್ಮ ತಮ್ಮ ಭಾಷೆಯಲ್ಲಿ ಕೂಗಿದರು. ಮೂರು ಭಾಷೆಯೂ ಅವಳ ಪಾಲಿಗೆ ಉಗುಳಿನ ಹನಿ ಅಷ್ಟೆ. ಕೆನ್ನೆ ಒರೆಸಿಕೊಂಡು ಕಪಾಟಿನ ಹಿಂದೆ ಹೋಗಿ ನಿಂತಳು.

ಮಧ್ಯಾಹ್ನ ಶೀರ್‌ಖುರ್ಮಾ ಪಾಯಸದ ಬಟ್ಟಲಿಗೆ ಬೊಟ್ಟು ಮಾಡಿದಳು. ನಾನು ಬಟ್ಟಲನ್ನು ಮೇಲೆತ್ತಿ ತಲೆಯಾಡಿಸಿದೆ. ಅವಳಿಗೆ ತಿಳಿಯಿತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಳು. ತುಟಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಶಬ್ದ ಬರಲಿಲ್ಲ. ಮನೆ ತುಂಬ ಜನ, ಎಲ್ಲರೂ ನೋಡುತ್ತಿದ್ದರು. ಕಣ್ಣಲ್ಲಿ ನೀರು ಇಳಿಯಿತು, ಆದರೂ ಒರೆಸಿಕೊಳ್ಳಲು ಕೈ ಮುಂದೆ ತರಲಿಲ್ಲ. ನಿಯಮ ಪಾಲಿಸುತ್ತಿದ್ದಾಳಲ್ಲ ಎಂದು ನನಗೆ ಹೆಮ್ಮೆಯೇ ಆಯಿತು.

ಅರ್ಶಿಯಾ ಬಂದು ಬಟ್ಟಲು ಕಸಿದುಕೊಂಡಳು. "ಹಬ್ಬದ ದಿನಾನೂ ಪರೀಕ್ಷಾ ಏನ್ರೀ ಆ ಕೂಸಿಗೆ?" ಎಂದು ಎಲ್ಲರೆದುರು ಕೇಳಿದಳು.

ಶಾಲೆಯ ಮಾತು ಬಂದಾಗ ತಂದೆ, "ಉರ್ದು ಸಾಲಿಗೆ ಹಾಕು, ನಮ್ಮ ಮಂದಿ ಇರ್ತಾರ. ಆ ಮೂಕರ ಸಾಲಿ ಮಾತ್ರ ಬ್ಯಾಡ. ಕೈ ಆಡಿಸೂದು ಕಲತ್ರ ನಾಳೆ ಯಾರ ಮದುವಿ ಆಗ್ತಾರ?" ಎಂದರು. ಉರ್ದು ಶಾಲೆಯ ಮಾತು ಒಪ್ಪಲಿಲ್ಲ, ಎರಡನೆಯದನ್ನು ಒಪ್ಪಿದೆ. ನಾವಿಬ್ಬರೂ ಒಂದೇ ಮಾತಿಗೆ ಬಂದದ್ದು ಬಹುಶಃ ಇದೇ ಮೊದಲು.

ವಾಪಸ್ ಬರುವಾಗ ಬಸ್ಸಿನಲ್ಲಿ ಅರ್ಶಿಯಾ ನನ್ನ ಪಕ್ಕ ಕೂರಲಿಲ್ಲ.

ಏಪ್ರಿಲ್ 5, ಶನಿವಾರ

ಖಾನಾಪುರದಲ್ಲಿ ನಾನು ಕಲಿತ ಕನ್ನಡ ಶಾಲೆಗೇ ಹೋಗಿ ಕೇಳಿದೆ. ಸಾಯಿರಾಳನ್ನು ಅಜ್ಜನ ಮನೆಯಲ್ಲಿಟ್ಟು ಅಲ್ಲಿ ಓದಿಸಬಹುದಲ್ಲ ಎಂಬ ಆಸೆ. ನನಗೆ ಮಗ್ಗಿ ಕಲಿಸಿದ ರಾಧಾಬಾಯಿ ಟೀಚರ್ ಈಗ ಅಲ್ಲಿ ಮುಖ್ಯ ಶಿಕ್ಷಕಿ.

"ಮುದಸ್ಸರ, ಒಂದನೇತ್ತೆಯಿಂದ ಮೂರನೇತ್ತೆತನ ಒಂದ ಖೋಲಿಯಾಗ ಕುಂದರ್ತಾರ, ನಲವತ್ತೆರಡ ಮಕ್ಕಳು" ಎಂದರು. "ನಿನ್ನ ಮಗಳನ್ನ ನನ್ನ ಬಾಜುಕ ಕುಂದರಿಸ್ಕೊತೀನಿ, ಮುದ್ದು ಮಾಡ್ತೀನಿ. ಆದ್ರ ಕಲಸೂದು? ಸುಳ್ಳ ಹೇಳಾಕ ಮನಸ ಬರವಲ್ದಪಾ. ಬೆಳಗಾಂವ್ಯಾಗ ಆ ಮಕ್ಕಳ ಸಾಲಿ ಐತಲ್ಲ, ಒಮ್ಮೆ ನೋಡಿ ಬಾ."

ಅವರು ಕೊಟ್ಟ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಸಿಹಿಯಾಗಿ ಸುಳ್ಳು ಹೇಳಿದ ಪ್ರಿನ್ಸಿಪಾಲರ ಮೇಲೆ ಬಂದಷ್ಟೇ ಸಿಟ್ಟು ಖರೇ ಹೇಳಿದ ಟೀಚರ್ ಮೇಲೂ ಬಂತು. ಹಾಗಾದರೆ ನಾನು ಯಾರಿಂದ ಏನು ಕೇಳಲು ಹೊರಟಿದ್ದೇನೆ ಎಂದು ಬೈಕ್ ಓಡಿಸುತ್ತ ಯೋಚಿಸಿದೆ.

ಏಪ್ರಿಲ್ 17, ಗುರುವಾರ

ಇಂಗ್ಲಿಷ್ ಶಾಲೆಯಿಂದ ಕೊನೆಗೂ ಫೋನ್. ಸೀಟು ಕೊಡುತ್ತಾರಂತೆ, ಆದರೆ ಎಲ್‌ಕೆಜಿಯಲ್ಲಿ. ಆರು ವರ್ಷದವಳನ್ನು ನಾಲ್ಕು ವರ್ಷದವರ ಜೊತೆ ಕೂರಿಸಿದರೆ ಕಿವಿ ಕೇಳಿಸಲು ಶುರುವಾಗುತ್ತದೆಯೇ? ಬೇಡ ಅನ್ನಲೂ ಧೈರ್ಯವಾಗಲಿಲ್ಲ. ಕೈಯಲ್ಲಿ ಉಳಿದಿರುವುದು ಅದೊಂದೇ. ಯೋಚಿಸಿ ಹೇಳುತ್ತೇನೆ ಅಂದೆ.

ಏಪ್ರಿಲ್ 26, ಶನಿವಾರ

ಅರ್ಶಿಯಾಗೆ ಜ್ವರ. ಸಾಯಿರಾಳನ್ನು ನನ್ನ ಜೊತೆ ಕೆಲಸಕ್ಕೆ ಕರೆದುಕೊಂಡು ಹೋದೆ. ನನ್ನ ಕ್ಯಾಬಿನ್ನಿನಲ್ಲಿ ಕೂರಿಸಿ, ಬಣ್ಣದ ಪೆನ್ಸಿಲ್ ಕೊಟ್ಟು, ಸ್ಟೋರಿಗೆ ಹೋಗಿ ಬಂದೆ. ಬಂದು ನೋಡಿದರೆ ಹುಡುಗಿ ಇಲ್ಲ.

ಎಂಟು ಪ್ರೆಸ್ ಓಡುತ್ತಿರುವ ಜಾಗ ಅದು. ಹುಡುಕಿದರೆ ಮಿಷಿನ್‌ಗಳಿಂದ ಆಚೆ, ಚಹಾ ಕುಡಿಯುವ ಕಟ್ಟೆಯ ಮೇಲೆ ಕೂತಿದ್ದಳು. ಎದುರಿಗೆ ನಮ್ಮ ಹಳೆಯ ಆಪರೇಟರ್ ಬಂಡೆಪ್ಪ. ಇಬ್ಬರೂ ಹರಟೆ ಹೊಡೆಯುತ್ತಿದ್ದರು.

ಹರಟೆ ಅಂತಲೇ ಬರೆಯಬೇಕು, ಬೇರೆ ಪದ ಇಲ್ಲ. ಬಂಡೆಪ್ಪನ ಎಡಗೈಯಲ್ಲಿ ಒಂದು ಬೆರಳಿಲ್ಲ. ಅದೆಲ್ಲಿ ಹೋಯಿತು ಎಂದು ಇವಳು ಕೈಯಲ್ಲಿ ಕೇಳಿದಳು. ಪ್ರೆಸ್ ತಿಂದಿತು ಎಂದು ಅವನು ಮಾಡಿ ತೋರಿಸಿದ. ಇವಳು ಎದ್ದು ನಿಂತು ಪ್ರೆಸ್ಸಿನ ಕಡೆ ಬೊಟ್ಟು ಮಾಡಿ, ಹೊಟ್ಟೆ ಸವರಿ, ಬಾಯಿಂದ ಏನೋ ಹೊರಗೆ ತೆಗೆಯುವಂತೆ ಮಾಡಿ, ಕೈ ಮುಂದೆ ಚಾಚಿದಳು. ವಾಪಸ್ ಇಸಿದುಕೊಳ್ಳಬೇಕಿತ್ತಲ್ಲ ಎಂದು! ಬಂಡೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನನ್ನ ಮಗಳ ತಲೆಯಲ್ಲಿ ಇಷ್ಟೆಲ್ಲ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅವಳು ನನ್ನನ್ನು ನೋಡಿದಳು. ನಗು ನಿಂತುಹೋಯಿತು. ಎರಡೂ ಕೈ ಬೆನ್ನ ಹಿಂದೆ ಹೋದವು.

ನನಗೆ ಅವಮಾನವಾಯಿತು. ಬಂಡೆಪ್ಪನೆದುರು ಆದದ್ದಕ್ಕಲ್ಲ. ಆರು ವರ್ಷದ ಮಗು ನನ್ನನ್ನು ಕಂಡು ಪೊಲೀಸರನ್ನು ಕಂಡ ಹಾಗೆ ನಿಂತದ್ದಕ್ಕೆ. ಆ ಸಿಟ್ಟನ್ನು ಬಂಡೆಪ್ಪನ ಮೇಲೆಯೇ ತೀರಿಸಿಕೊಂಡೆ. "ಆಕಿಗೆ ಕೈಸನ್ನಿ ರೂಢಿ ಮಾಡಬ್ಯಾಡ, ಮಾತ ಬರೂದಿಲ್ಲ" ಎಂದು ರೇಗಿದೆ.

ಅವನಿಗೆ ಬೇಜಾರಾಗಲಿಲ್ಲ. "ಸಾಹೇಬ್ರ, ಮುಂಜಾನಿಂದ ನೀವು ನನಗ ಬಾಯಿಲೆ ಒಂದರ ಮಾತ ಆಡೀರೇನ್ರಿ? ಮಿಷಿನ್ ಬಂದ್ ಮಾಡು ಅಂದ್ರಿ, ಶೀಟ್ ಬದಲ ಮಾಡು ಅಂದ್ರಿ, ಮಾಲಕರು ಬಂದಾರ ಅಂದ್ರಿ. ಎಲ್ಲಾ ಕೈಲೇನ. ಹದಿನೆಂಟ ವರ್ಷಾತು, ನಿಮ್ಮ ಮಾತೇನ ಬಂದ್ ಆಗಿಲ್ಲಲ್ರಿ" ಎಂದ.

ಪ್ರೆಸ್ ಸಪ್ಪಳದ ಮಾತೇ ಬೇರೆ, ಇದೇ ಬೇರೆ ಅಂದೆ. ಅದು ಹೇಗೆ ಬೇರೆ ಎಂದು ಅವನು ಕೇಳಲಿಲ್ಲ.

ಏಪ್ರಿಲ್ 29, ಮಂಗಳವಾರ

ಮುಗ್ಧಾ ಮೇಡಂ ಹತ್ತಿರ ಜಗಳಕ್ಕೇ ಹೋದೆ. ನೀವು ಹೇಳಿದ ನಿಯಮದಿಂದ ಮಗು ನನ್ನನ್ನು ಕಂಡರೆ ಹೆದರುತ್ತದೆ ಅಂದೆ. ಯಾವ ನಿಯಮ ಎಂದು ಕೇಳಿದರು. ಹೇಳಿದೆ. ಅವರ ಮುಖ ಸಣ್ಣದಾಯಿತು.

"ನಾ ಹಂಗ ಹೇಳಿದ್ದಿಲ್ರಿ! ಕೇಳಿದ್ದ ಕೊಡೂಕಿಂತ ಮದಲ ಒಂದ ಸಲ ಮಾತ ಆಡಿ ತೋರಸ್ರಿ ಅಂದಿದ್ದೆ. ಕೈ ಕಟ್ಟಸ್ರಿ ಅಂತ ಯಾವಾಗ ಅಂದೆ?"

ನೆನಪು ಮಾಡಿಕೊಂಡೆ. ಅವರು ಅಂದಿರಲಿಲ್ಲ. ಉಳಿದದ್ದೆಲ್ಲ ನಾನೇ ಸೇರಿಸಿದ್ದು. ಶಾಪಿನಲ್ಲಿ ಮಾಲೀಕರು ಒಂದು ಮಾತು ಹೇಳಿದರೆ ಅದನ್ನು ಬಿಗಿ ಮಾಡಿ ನಾಲ್ಕು ನಿಯಮ ಬರೆದು ಗೋಡೆಗೆ ಅಂಟಿಸುವುದು ನನ್ನ ಕೆಲಸ.

"ಆಕಿ ಬಾಯಿಲೆ ಮಾತ ಕಲೀತಾಳೋ ಇಲ್ಲೋ ಅನ್ನೂ ಚಿಂತಿ ಆಮ್ಯಾಲಿಂದು" ಎಂದರು ಮೇಡಂ. "ಆರ ವರ್ಷ ತುಂಬಿತು, ಆಕಿಗೆ ಒಂದೂ ಭಾಷಾನ ಇಲ್ಲಲ್ರಿ. ಅದಕ್ಕ ನನಗ ಅಂಜಿಕಿ. ಕೈಲೆ ಕಲತ್ರ ಬಾಯೇನ ಮುಚ್ಚಿ ಹೋಗೂದಿಲ್ಲ."

ಇದನ್ನು ಏಳು ತಿಂಗಳ ಹಿಂದೆ ಇಷ್ಟು ಸ್ಪಷ್ಟವಾಗಿ ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. ಹೇಳಿದ್ದರಂತೆ. ಅರ್ಶಿಯಾಗೆ ನೆನಪಿದೆಯಂತೆ. ನನಗೆ ಇಲ್ಲ.

ಮೇ 9, ಶುಕ್ರವಾರ

ಕೋಟೆಯಿಂದ ಮುಂದೆ, ಕಿವುಡ ಮಕ್ಕಳ ಶಾಲೆ. ಸುಮ್ಮನೆ ನೋಡಿ ಬರೋಣ ಎಂದಷ್ಟೇ ಹೋದದ್ದು.

ನಾನು ಕಂಡ ಕೊರತೆಗಳು ಒಂದೆರಡಲ್ಲ. ನೀರಿನ ಟಾಕಿ ಸೋರುತ್ತದೆ. ಕಿಟಕಿಯ ಎರಡು ಗಾಜು ಒಡೆದಿವೆ. ಶಿಕ್ಷಕರ ಮೂರು ಹುದ್ದೆ ಖಾಲಿ. ಹತ್ತನೇ ತರಗತಿ ಆದ ಮೇಲೆ ಮುಂದೇನು ಎಂದು ಮುಖ್ಯ ಶಿಕ್ಷಕಿ ಗೌರವ್ವ ಟೀಚರನ್ನು ಕೇಳಿದೆ. "ಕೆಲವರು ಐಟಿಐ ಮಾಡ್ಯಾರ್ರಿ, ಕೆಲವರು ಕಾಲೇಜಿಗೆ ಹೋಗ್ಯಾರ. ಭಾಳ ಮಂದಿ ಮನ್ಯಾಗ ಕುಂತಾರ. ಮುಚ್ಚಿಟ್ಟು ಏನ ಮಾಡೂದ್ರಿ?" ಎಂದರು. ಈ ಊರಿನ ಟೀಚರುಗಳಿಗೆಲ್ಲ ನನ್ನೆದುರೇ ಖರೇ ಹೇಳುವ ಹುಕಿ ಬರುತ್ತದೆ.

ರಜೆಯಾದರೂ ಏಳೆಂಟು ಮಕ್ಕಳು ಅಂಗಳದಲ್ಲಿ ಆಡುತ್ತಿದ್ದರು. ನಾನು ಟಾಕಿ ನೋಡಿ ವಾಪಸ್ ಬರುವಷ್ಟರಲ್ಲಿ ಸಾಯಿರಾ ಅವರ ನಡುವೆ ಕೂತಿದ್ದಳು. ಒಬ್ಬಳು ಹುಡುಗಿ ಇವಳ ಕಿವಿಯ ಮಿಷಿನ್ ಮುಟ್ಟಿ, ತನ್ನದನ್ನೂ ತೋರಿಸಿದಳು. ಇವಳು ತನ್ನ ಕಿವಿ, ಅವಳ ಕಿವಿ, ಆಮೇಲೆ ಉಳಿದವರ ಕಿವಿಗಳನ್ನೆಲ್ಲ ಒಂದೊಂದಾಗಿ ಎದ್ದು ಹೋಗಿ ನೋಡಿ ಬಂದಳು. ಲೋಕದಲ್ಲಿ ತಾನೊಬ್ಬಳೇ ಹೀಗೆ ಎಂದು ಇಷ್ಟು ದಿನ ತಿಳಿದಿದ್ದಳೋ ಏನೋ. ನಮಗೆ ಕೇಳಲು ಬಂದಿರಲಿಲ್ಲ, ಅವಳಿಗೆ ಹೇಳಲು ಬಂದಿರಲಿಲ್ಲ.

ಹೊರಡುವಾಗ ಗೇಟಿನ ಸರಳು ಹಿಡಿದು ನಿಂತುಬಿಟ್ಟಳು. ಬಿಡಿಸಲು ಇಬ್ಬರೂ ಬೇಕಾಯಿತು. ಅರ್ಜಿಗೆ ನಾನು ಸಹಿ ಹಾಕಲಿಲ್ಲ. ಅರ್ಶಿಯಾ ಅದನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ದಾರಿಯುದ್ದಕ್ಕೂ ನನಗೆ ಜಗಳಕ್ಕೂ ಅವಕಾಶ ಕೊಡಲಿಲ್ಲ.

ಮೇ 21, ಬುಧವಾರ

ತಂದೆಗೆ ಫೋನ್ ಮಾಡಿದೆ. ಒಂದು ಮಾತು ತಿಳಿಸೋಣ ಎಂದಷ್ಟೇ. "ಮೂಕರ ಸಾಲಿಗೆ ಹಾಕಿದ್ರ ನನ್ನ ಹೊಸ್ತಲಾ ತುಳಿಬ್ಯಾಡ್ರಿ" ಎಂದರು.

ನಾನು ಸುಮ್ಮನಿರಬೇಕಿತ್ತು. "ಈದ್ ದಿನ ಆಕಿ ಕಿವ್ಯಾಗ ಅಷ್ಟ ಹೊತ್ತ ಒದರಿದ್ರಲ್ಲ, ಏನ ಹೇಳಿದ್ರಿ ಆಕಿಗೆ? ಅದರಾಗ ಒಂದ ಅಕ್ಷರನಾದರೂ ಆಕಿಗೆ ಮುಟ್ಟೇತೇನು?" ಎಂದು ಕೇಳಿದೆ. ದನಿ ಏರಿತ್ತು. ಬಾಜು ಮನೆಯವರು ಕಿಟಕಿಗೆ ಬಂದರು.

ತಂದೆ ದನಿ ತಗ್ಗಿಸಿ, "ಈದ್ ಮುಬಾರಕ್ ಅಂದಿದ್ದೆ" ಅಂದರು. ಫೋನ್ ಇಟ್ಟರು.

ಅರ್ಶಿಯಾಳ ಚೀಲದಲ್ಲಿದ್ದ ಅರ್ಜಿ ತೆಗೆದು ಸಹಿ ಹಾಕಿದೆ. ಸಿಟ್ಟಿನಲ್ಲಿ ಹಾಕಿದ್ದು. ಇಂಗ್ಲಿಷ್ ಶಾಲೆಗೆ ಫೋನ್ ಮಾಡಿ ಸೀಟು ಬೇಡ ಎಂದೂ ಹೇಳಿದೆ. ಮೇಡಂ ಇವತ್ತು ಮೀಟಿಂಗಿನಲ್ಲಿರಲಿಲ್ಲ.

ಜೂನ್ 2, ಸೋಮವಾರ

ಮೊದಲ ದಿನ. ಯೂನಿಫಾರ್ಮ್ ದೊಡ್ಡದಾಗಿದೆ. ಆಟೋದವನು ಹತ್ತು ನಿಮಿಷ ತಡ. ಟಾಕಿ ಇನ್ನೂ ಸೋರುತ್ತಿದೆ. ಅವಳು ತಿರುಗಿ ಕೂಡ ನೋಡದೆ ಒಳಗೆ ಹೋದಳು. ಅಳುತ್ತಾಳೆ ಎಂದು ಅರ್ಧ ದಿನ ರಜೆ ಹಾಕಿದ್ದೆ, ವ್ಯರ್ಥವಾಯಿತು.

ಜೂನ್ 21, ಶನಿವಾರ

ಪ್ರತಿ ಶನಿವಾರ ಪಾಲಕರಿಗೂ ಕೈಭಾಷೆಯ ತರಗತಿ. ನನ್ನ ಬೆರಳುಗಳು ಗಟ್ಟಿ. 'ಅಕ್ಕ' ಅನ್ನಲು ಹೋಗಿ ಬೇರೇನೋ ಅಂದೆನಂತೆ, ಮಕ್ಕಳೆಲ್ಲ ನಕ್ಕರು. ಸಾಯಿರಾ ಬಂದು ನನ್ನ ಬೆರಳು ಒಂದೊಂದಾಗಿ ಹಿಡಿದು ತಿದ್ದಿದಳು, ಪಾನಾ ಹಿಡಿದು ನಟ್ಟು ಬಿಗಿಯುವವರ ಹಾಗೆ.

ಈ ಹುಡುಗಿಯದು ಈಗ ಅತಿಯಾಗಿದೆ. ಮೊನ್ನೆ ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಕೈಯಲ್ಲೇ ಕೇಳಿದೆ. ಶಾಲೆಯಲ್ಲಿ ಅಂದಳು. ಶಾಲೆಯಲ್ಲಿ ಎಲ್ಲಿ ಅಂದೆ. ನಾಯಿ ಒಯ್ದಿತು ಅಂದಳು. ಯಾವ ನಾಯಿ ಅಂದೆ. ಕರಿ ನಾಯಿ, ಅಲ್ಲ, ಬಿಳಿ ನಾಯಿ ಅಂದಳು. ಚಪ್ಪಲಿ ಮಂಚದ ಕೆಳಗೆ ಸಿಕ್ಕಿತು. ಎಷ್ಟು ಸುಳ್ಳು ಹೇಳುತ್ತೀಯ ಎಂದು ಬೈಯತೊಡಗಿದರೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಕಣ್ಣು ಮುಚ್ಚಿದವಳಿಗೆ ಬೈಯುವುದು ಹೇಗೆ? ಬೈಗುಳ ಕೈಯಲ್ಲೇ ಹಿಡಿದು, ಕಣ್ಣು ತೆರೆಯುವವರೆಗೆ ಕಾಯುತ್ತ ನಿಂತಿದ್ದೆ. ಒಂದು ಕಣ್ಣು ಸ್ವಲ್ಪ ತೆರೆದು ನೋಡಿ ಮತ್ತೆ ಮುಚ್ಚಿದಳು.

ಅರ್ಶಿಯಾ ಮಗಳ ಪರ. ಮನೆಯಲ್ಲಿ ನನ್ನ ಮಾತಿಗೆ ಬೆಲೆಯೇ ಇಲ್ಲದಂತಾಗಿದೆ.

ಜುಲೈ 5, ಶನಿವಾರ

ಇವತ್ತು ತರಗತಿಯಲ್ಲಿ ಹೆಸರುಗಳ ಪಾಠ. ಕೈಯಲ್ಲಿ ಮಾತಾಡುವವರು ಪ್ರತಿ ಸಲ ಅಕ್ಷರ ಕೂಡಿಸಿ ಹೆಸರು ಹೇಳುವುದಿಲ್ಲವಂತೆ. ಮನುಷ್ಯನಲ್ಲಿ ಎದ್ದು ಕಾಣುವ ಒಂದನ್ನು ಹಿಡಿದು ಗುರುತು ಮಾಡುತ್ತಾರೆ, ಅದೇ ಅವನ ಹೆಸರು. ಗೌರವ್ವ ಟೀಚರ್ ಅಂದರೆ ಹಣೆಯ ಮೇಲೆ ದೊಡ್ಡದೊಂದು ಕುಂಕುಮದ ಬೊಟ್ಟು. ಸಾಯಿರಾಳಿಗೆ ಗೆಳತಿಯರು ಇಟ್ಟದ್ದು ಕೆನ್ನೆಯ ಗುಳಿ.

ಮನೆಯವರ ಹೆಸರು ಹೇಳು ಎಂದು ಟೀಚರ್ ಅವಳನ್ನು ಮುಂದೆ ಕರೆದರು. ಅವಳ ಅಮ್ಮಿ ಅರ್ಶಿಯಾ ಅಂದರೆ ಮೂಗುಬೊಟ್ಟು. ಅಜ್ಜ ಅಂದರೆ ಉದ್ದ ಗಡ್ಡ. ಆಮೇಲೆ ನಾನು. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಎರಡು ಬೆರಳನ್ನು ಹುಬ್ಬುಗಳ ನಡುವೆ ಇಟ್ಟು, ಚರ್ಮ ಗಂಟಾಗುವಂತೆ ಹಿಂಡಿ, ಮುಖ ಬಿಗಿದುಕೊಂಡಳು. ಹಿಂದೆ ಕೂತಿದ್ದ ಮೂರು ಮಕ್ಕಳು ತಟ್ಟನೆ ನನ್ನ ಕಡೆ ತಿರುಗಿದರು. ಅಂದರೆ ಈ ಹೆಸರು ಇವತ್ತಿನದಲ್ಲ, ಶಾಲೆಯ ತುಂಬ ಆಗಲೇ ಓಡಾಡುತ್ತಿದೆ.

ಅರ್ಶಿಯಾ ಸೆರಗು ಬಾಯಿಗೆ ಇಟ್ಟುಕೊಂಡಳು. ನನಗೆ ರೇಗಿತು. ರೇಗಿದಾಗ ಮುಖ ಏನು ಮಾಡಿತೋ, ಮಕ್ಕಳು ಬೆಂಚು ಬಡಿದು ನಕ್ಕರು.

ಹೆಸರು ಬದಲಾಯಿಸಬಹುದೇ ಎಂದು ಟೀಚರನ್ನು ಕೇಳಿದೆ. "ಅದು ಇಟ್ಟವರಿಗೆ ಬಿಟ್ಟಿದ್ದ್ರಿ" ಎಂದರು. ಮನೆ ಮುಟ್ಟುವವರೆಗೂ ಅರ್ಶಿಯಾ ಜೊತೆ ವಾದ ಮಾಡಿದೆ. ನಾನೇನು ಅಷ್ಟು ಸಿಡುಕನೇ? ಶಾಪಿನಲ್ಲಿ ಯಾರನ್ನಾದರೂ ಕೇಳಲಿ.

ಮನೆಗೆ ಬಂದು ಇಷ್ಟು ಬರೆಯುವಷ್ಟರಲ್ಲಿ ಅಡುಗೆಮನೆಯಿಂದ ಅರ್ಶಿಯಾ, "ರೀ, ಇಲ್ಲಿ ಬರ್ರಿ, ಕರೀಲಿಕ್ಕತ್ತಾಳ" ಎಂದಳು. ಎದ್ದು ಹೋದೆ. ಮೇಲಿನ ಹಲಗೆಯ ಚುರುಮುರಿ ಡಬ್ಬಿ ಸಾಯಿರಾಳಿಗೆ ಎಟುಕುತ್ತಿರಲಿಲ್ಲ, ಅಮ್ಮಿಗೂ ಎಟುಕುತ್ತಿರಲಿಲ್ಲ. ನಾನು ಬಾಗಿಲ ಬಾಜು ಬಂದು ನಿಂತದ್ದನ್ನು ಅವಳು ನೋಡಿರಲಿಲ್ಲ. ಅಮ್ಮಿಯ ಎದುರು ನಿಂತು ಹುಬ್ಬಿನ ನಡುವೆ ಎರಡು ಬೆರಳಿಟ್ಟು ಹಿಂಡುತ್ತಿದ್ದಳು. ಅವನನ್ನು ಕರಿ, ಅವನನ್ನು ಕರಿ.

ಅಲ್ಲೇ ನಿಂತು ನನ್ನ ಹೆಸರನ್ನು ಮೂರು ಸಲ ನೋಡಿದೆ. ನಾಲ್ಕನೆಯ ಸಲಕ್ಕೆ ಎದುರಿಗೆ ಹೋಗಿ, ಕೈಯಲ್ಲೇ, ಏನು ಬೇಕು ಅಂದೆ.